ಕೂಗಿ ಕರೆದವನ ಟ್ಯಾಕ್ಸಿ

ಬಿ.ಸಿ.ರೋಡಿನಲ್ಲಿ ಬೆಳೆದವರಿಗೆ ಬಸ್ಸು ಹತ್ತುವುದನ್ನು ಯಾರೂ ಕಲಿಸಬೇಕಾಗಿಲ್ಲ. ಊರಿನ ಹೆಸರೇ ಬಂಟ್ವಾಳ ಕ್ರಾಸ್ ರೋಡ್. ಮಂಗಳೂರಿನಿಂದ ಬಂದ ಹೆದ್ದಾರಿ ಇಲ್ಲಿ ಕವಲಾಗಿ ಒಂದು ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ, ಇನ್ನೊಂದು ಬೆಳ್ತಂಗಡಿ ದಾಟಿ ಚಾರ್ಮಾಡಿಗೆ ಹೋಗುತ್ತದೆ. ಫ್ಲೈಓವರ್ ಅಡಿಯಲ್ಲಿ ಎರಡು ನಿಮಿಷ ನಿಂತರೆ ಸಾಕು. "ಪುತ್ತೂರು ಪುತ್ತೂರು", "ಧರ್ಮಸ್ಥಳ", "ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್" ಅಂತ ಕಂಡಕ್ಟರುಗಳ ಕೂಗು ಕಿವಿಗೆ ಬೀಳುತ್ತದೆ. ಬೋರ್ಡು ಓದುವವರು ಕಡಿಮೆ. ನಾವು ಹೋಗಬೇಕಾದ ಊರನ್ನು ಯಾರು ಕೂಗುತ್ತಾರೋ ಅವರ ಬಸ್ಸು ಹತ್ತುತ್ತೇವೆ. ಆಟೋದವನು "ಎಲ್ಲಿಗೆ?" ಅಂತ ಕೇಳಿದರೆ ಅದು ಮರ್ಯಾದೆ. ಕರೆದವನ ಗಾಡಿ ಹತ್ತುವುದು ನಮ್ಮ ಪದ್ಧತಿ.

ಇದೇ ಪದ್ಧತಿಯನ್ನು ಕೈಚೀಲದ ಜೊತೆ ವಿಮಾನ ಹತ್ತಿಸಿಕೊಂಡು ಹೋದ ಒಬ್ಬ ಹುಡುಗನ ಕತೆ ನಮಗೆ ಕಳೆದ ರಂಝಾನ್‌ಗೆ ಸ್ವಲ್ಪ ಮೊದಲು ಗೊತ್ತಾಯಿತು. ನಮ್ಮ ಪರಿಚಯದ ಮನೆಯವನು. ಐಟಿಐ ಮುಗಿಸಿ ಎಲೆಕ್ಟ್ರಿಷಿಯನ್ ವೀಸಾದಲ್ಲಿ ಸೌದಿಗೆ ಹೋದವನು. ಮಂಗಳೂರಿನಿಂದ ಹೊರಟು ದಮ್ಮಾಮ್‌ನಲ್ಲಿ ಇಳಿದಾಗ ರಾತ್ರಿ. ಕೆಲಸ ಜುಬೈಲ್‌ನಲ್ಲಿ. ಕಂಪೆನಿಯ ಗಾಡಿ ಬರುತ್ತದೆ, ಹೆಸರಿನ ಬೋರ್ಡು ಹಿಡಿದು ನಿಂತಿರುತ್ತಾರೆ ಎಂದು ಏಜೆಂಟ್ ಹೇಳಿದ್ದ. ಹೊರಗೆ ಬಂದು ನೋಡಿದರೆ ಬೋರ್ಡು ಹಿಡಿದವರು ಏಳೆಂಟು ಜನ, ಅದರಲ್ಲಿ ಇವನ ಹೆಸರಿಲ್ಲ. ಅರ್ಧ ಗಂಟೆ ನಿಂತ. ಇಲ್ಲಿಯ ಸಿಮ್ ಅಲ್ಲಿ ಸತ್ತು ಹೋಗಿತ್ತು. ಅಷ್ಟರಲ್ಲಿ ಬಿಳಿ ತೋಪು ಹಾಕಿದ, ನೋಡಲು ಸಭ್ಯನಾಗಿ ಕಂಡ ಒಬ್ಬರು ಹತ್ತಿರ ಬಂದು, "ಸದೀಕ್, ಟ್ಯಾಕ್ಸಿ? ಜುಬೈಲ್? ತಾಲ್, ತಾಲ್" ಅಂದರು.

ಜುಬೈಲ್ ಅಂತ ಕೂಗಿದ್ದೇ ಸಾಕಾಯಿತು. ಹತ್ತಿದ.

150 ರಿಯಾಲ್ ಅಂತ ಮಾತಾಗಿತ್ತು. ಗಾಡಿಯಲ್ಲಿ ಮೀಟರ್ ಇರಲಿಲ್ಲ, ಮೇಲೆ ಟ್ಯಾಕ್ಸಿಯ ದೀಪವೂ ಇರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮುಂದೆ ಚೆಕ್‌ಪೋಸ್ಟ್ ಉಂಟು, ಪಾಸ್‌ಪೋರ್ಟ್ ಕೊಡು ಎಂದು ಕೈ ಚಾಚಿದರು. ಹುಡುಗ ಕೊಟ್ಟ. ಚೆಕ್‌ಪೋಸ್ಟ್ ಬರಲೇ ಇಲ್ಲ, ಪಾಸ್‌ಪೋರ್ಟ್ ಅವರ ಜೇಬಿನಲ್ಲಿ ಉಳಿಯಿತು. ಜುಬೈಲ್‌ನ ಹೊರವಲಯದ ಒಂದು ಪೆಟ್ರೋಲ್ ಪಂಪಿನ ಹತ್ತಿರ ಗಾಡಿ ನಿಲ್ಲಿಸಿ 350 ಕೇಳಿದರು. ಪೆಟ್ಟಿಗೆಗೆ ಬೇರೆ, ರಾತ್ರಿಗೆ ಬೇರೆ ಅಂತ ಲೆಕ್ಕ. ಹುಡುಗನ ಹತ್ತಿರ ಇದ್ದದ್ದೇ 400. ಅದನ್ನು ಬಾಪ ಯಾರ್ಯಾರ ಹತ್ತಿರವೋ ಹೊಂದಿಸಿ ಮಾಡಿಕೊಟ್ಟದ್ದು. ಕೊಟ್ಟ ಮೇಲೆ ಪಾಸ್‌ಪೋರ್ಟ್ ಕೈಗೆ ಬಂತು. ಪಂಪಿನ ಪಕ್ಕದ ಬಕ್ಕಾಲದಲ್ಲಿ ಒಬ್ಬ ಮಲಯಾಳಿ ಇದ್ದುದರಿಂದ ಬೆಳಗಿನವರೆಗೆ ಕೂರಲು ಜಾಗ ಸಿಕ್ಕಿತು, ಫೋನೂ ಸಿಕ್ಕಿತು. ಕಂಪೆನಿಯ ಡ್ರೈವರ್ ಏರ್‌ಪೋರ್ಟಿಗೆ ಬಂದಿದ್ದ. ಮುಕ್ಕಾಲು ಗಂಟೆ ತಡವಾಗಿ, ಇವನ ಹೆಸರನ್ನು ತಪ್ಪು ಬರೆದ ಬೋರ್ಡು ಹಿಡಿದು.

ಮನೆಯಲ್ಲಿ ಉಮ್ಮನಿಗೆ ಈ ಸಂಗತಿ ಇವತ್ತಿಗೂ ಗೊತ್ತಿಲ್ಲ. ಬಾಪನಿಗೆ ಗೊತ್ತು. ಅವರು ನಮ್ಮ ಹತ್ತಿರ ಹೇಳಿಕೊಂಡದ್ದು ದುಡ್ಡಿನ ಬಗ್ಗೆ ಅಲ್ಲ. "ಅವನಿಗೆ ವಯರಿಂಗ್ ಗೊತ್ತುಂಟು, ಲೈಸೆನ್ಸ್ ಉಂಟು, ಕಂಪ್ಯೂಟರ್ ಗೊತ್ತುಂಟು. ಇಳಿದ ಮೇಲೆ ಎಂತ ಮಾಡ್ಬೇಕು ಅಂತ ಮಾತ್ರ ನಾವು ಯಾರೂ ಹೇಳಿ ಕೊಡ್ಲಿಲ್ಲ" ಅಂದರು.

ಹೇಳಿಕೊಡದೇ ಇದ್ದದ್ದಕ್ಕೆ ಕಾರಣ ಉಂಟು. ನಮ್ಮಲ್ಲಿ ಇಳಿದವನನ್ನು ಕರೆದುಕೊಂಡು ಹೋಗಲು ಯಾರಾದರೂ ಬಂದೇ ಬರುತ್ತಿದ್ದರು. ಮಾವನ ಮಗ, ಭಾವ, ಪಕ್ಕದ ಮನೆಯ ಕಾಕ, ಯಾರೂ ಇಲ್ಲದಿದ್ದರೆ ಊರಿನವರ ರೂಮಿನಿಂದ ಒಬ್ಬ. ರೂಮಿನಲ್ಲಿ ಹತ್ತು ಜನ ಇದ್ದರೂ ಹನ್ನೊಂದನೆಯವನಿಗೆ ಚಾಪೆ ಇರುತ್ತಿತ್ತು. ಹಾಗಾಗಿ ನಮ್ಮ ಹಿರಿಯರಲ್ಲಿ ಮೂವತ್ತು ವರ್ಷ ಗಲ್ಫಿನಲ್ಲಿದ್ದು ಬಂದವರಿಗೂ ಏರ್‌ಪೋರ್ಟಿನಿಂದ ಒಬ್ಬರೇ ಟ್ಯಾಕ್ಸಿ ಹಿಡಿದ ಅನುಭವ ಇಲ್ಲದಿರಬಹುದು. ಈಗ ಕಾಲ ಬೇರೆ. ರೂಮಿನವರಿಗೆ ಶಿಫ್ಟು, ವಿಮಾನ ಇಳಿಯುವುದು ನಡುರಾತ್ರಿ, ಒಬ್ಬೊಬ್ಬರು ಒಂದೊಂದು ಊರಿನಲ್ಲಿ. ಕೆಲಸ ಆನ್‌ಲೈನಿನಲ್ಲಿ ಸಿಕ್ಕಿ, ಒಬ್ಬರ ಪರಿಚಯವೂ ಇಲ್ಲದ ಊರಿಗೆ ಹೋಗುವವರೂ ಇದ್ದಾರೆ. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಗಂಡನ ಹತ್ತಿರ ಒಬ್ಬರೇ ಹೋಗುತ್ತಾರೆ. ಬರುತ್ತೇನೆಂದ ಗಂಡನಿಗೆ ಕೊನೆಯ ಗಳಿಗೆಯಲ್ಲಿ ಡ್ಯೂಟಿ ಬೀಳುತ್ತದೆ.

ಹಿಂದಿನವರಿಗೆ ಟ್ಯಾಕ್ಸಿಯ ಭಯ ಇರಲಿಲ್ಲ ಅಂತಲ್ಲ. ಅವರ ಭಯ ಮುಂಬೈಯಲ್ಲೇ ಮುಗಿದು ಹೋಗುತ್ತಿತ್ತು. ನಮ್ಮ ಅಜ್ಜಂದಿರ ಕಾಲಕ್ಕೆ ಹೊರದೇಶ ಅಂದರೆ ಮೊದಲು ಬೊಂಬಾಯಿ. ಗಲ್ಫಿನ ಹಡಗು ಹೊರಡುತ್ತಿದ್ದದ್ದೂ ಅಲ್ಲಿಂದಲೇ. ದುಮ್ರಾ, ದ್ವಾರಕಾ ಎಂಬ ಹಡಗುಗಳ ಹೆಸರು ಹಳಬರ ಬಾಯಲ್ಲಿ ಇನ್ನೂ ಉಂಟು. ವಿಮಾನದ ಕಾಲ ಬಂದ ಮೇಲೂ ಹೆಚ್ಚಿನವರಿಗೆ ಸಹಾರ್ ಏರ್‌ಪೋರ್ಟೇ ಗತಿ. 2006ರಲ್ಲಿ ನಮ್ಮ ಬಜ್ಪೆಯಿಂದಲೇ ದುಬೈಗೆ ವಿಮಾನ ಶುರುವಾಗುವವರೆಗೆ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ ಕೂತು ಮುಂಬೈ ತಲಪಿ, ಡೋಂಗ್ರಿ, ಭಿಂಡಿ ಬಜಾರ್ ಕಡೆಯ ಊರಿನವರ ರೂಮು ಹುಡುಕಬೇಕಿತ್ತು.

ಅಲ್ಲಿ ಸಿಗುತ್ತಿದ್ದದ್ದು ಕಪ್ಪು-ಹಳದಿ ಫಿಯೆಟ್. ಹೆಸರು ಪ್ರೀಮಿಯರ್ ಪದ್ಮಿನಿ, ನಮ್ಮವರ ಬಾಯಲ್ಲಿ ಫಿಯೆಟ್ಟೇ. ಅದರ ಮೀಟರು ಗಾಡಿಯ ಹೊರಗೆ, ಎಡಗಡೆ ಮುಂದೆ ಇರುತ್ತಿತ್ತು. ಅದರಲ್ಲಿ ಕಾಣುವ ಅಂಕೆ ನಿಜವಾದ ಬಾಡಿಗೆ ಅಲ್ಲ, ಹಳೇ ಕಾಲದ ಬಾಡಿಗೆ. ಡ್ರೈವರ್ ಹತ್ತಿರ ಒಂದು ಕಾರ್ಡು, ಮೀಟರಿನಲ್ಲಿ ಇಷ್ಟಾದರೆ ಕೊಡಬೇಕಾದ್ದು ಇಷ್ಟು ಅಂತ. ಗೊತ್ತಿದ್ದವರು ಕಾರ್ಡು ಕೇಳಿ ನೋಡುತ್ತಿದ್ದರು. ಗೊತ್ತಿಲ್ಲದವರು ಮೀಟರಿನ ಅಂಕೆ ನೋಡಿ, "ಇಷ್ಟು ಕಡಿಮೆಯಾ, ಒಳ್ಳೆಯ ಊರು" ಅಂತ ಸಂತೋಷಪಟ್ಟು, ಇಳಿಯುವಾಗ ಡ್ರೈವರ್ ಹೇಳಿದಷ್ಟು ಕೊಟ್ಟು ತೆಪ್ಪಗಾಗುತ್ತಿದ್ದರು. ಮೆಲ್ಕಾರ್ ಕಡೆಯ ಒಬ್ಬ ಕಾಕ ನಮಗೆ ಹೇಳಿದ್ದು: ಮೊದಲ ಸಲ ಟ್ಯಾಕ್ಸಿ ಅವರನ್ನು ಒಂದೇ ಮಸೀದಿಯ ಎದುರಿನಿಂದ ಮೂರು ಸಲ ಕರೆದುಕೊಂಡು ಹೋಯಿತಂತೆ. "ಬೊಂಬಾಯಿಯಲ್ಲಿ ಎಲ್ಲಾ ಮಸೀದಿ ಒಂದೇ ತರ ಕಟ್ಟಿದ್ದಾರೆ ಅಂತ ನಾನು ತಿಳ್ಕೊಂಡೆ ಮಾರಾಯ್ರೆ" ಅಂತ ಈಗ ನಗುತ್ತಾರೆ. ಆ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ಗೆ ಮುಂಬೈ ರಸ್ತೆಯಿಂದ ಪೂರ್ತಿ ಹೋದವು. ಅವುಗಳ ಮೀಟರಿಗೆ ಮೋಸ ಹೋದವರು ಮಾತ್ರ ನಮ್ಮ ಜುಮಾ ಸಫಿನಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ.

ಆದರೂ ಮುಂಬೈಯಲ್ಲಿ ಮೋಸ ಹೋಗಿ ಕಲಿತದ್ದು ದುಬೈಯಲ್ಲಿ ಉಪಯೋಗಕ್ಕೆ ಬರಲಿಲ್ಲ. ಅಲ್ಲಿ ತಿರುಗುಮುರುಗು. ದುಬೈ ಏರ್‌ಪೋರ್ಟಿನ ಹೊರಗೆ ಸರತಿಯಲ್ಲಿ ನಿಂತ ಟ್ಯಾಕ್ಸಿಯವರು ಯಾರನ್ನೂ ಕರೆಯುವುದಿಲ್ಲ. ಕ್ರೀಮ್ ಬಣ್ಣದ ಗಾಡಿಗಳು ಸಾಲಾಗಿ ಬರುತ್ತವೆ, ಮಾಡಿನ ಬಣ್ಣ ಮಾತ್ರ ಕಂಪೆನಿಗೊಂದು, ಕೆಂಪು, ನೀಲಿ, ಹಸಿರು ಹೀಗೆ. ಜನರೂ ಸಾಲಾಗಿ ನಿಲ್ಲುತ್ತಾರೆ, ಅಲ್ಲಿ ನಿಂತ ನೌಕರ ಕೈ ತೋರಿಸಿದ ಗಾಡಿ ಹತ್ತುವುದು. ನಮ್ಮವರಿಗೆ ಇದೇ ಸಂಶಯ. ಯಾರೂ ಕೂಗುವುದಿಲ್ಲ, ಯಾರೂ ಪೆಟ್ಟಿಗೆ ಎಳೆಯುವುದಿಲ್ಲ, ಇದು ನಮಗಲ್ಲವೋ ಏನೋ, ದೊಡ್ಡವರಿಗೆ ಇರಬೇಕು ಅಂತ ದೂರ ಸರಿದು ನಿಲ್ಲುತ್ತಾರೆ. ಹಾಗೆ ನಿಂತವರ ಹತ್ತಿರವೇ ಮೆಲ್ಲನೆ ಬಂದು, "ಭಾಯ್, ಕಿಧರ್?" ಅಂತ ಕೇಳುವವರು ಇರುತ್ತಾರೆ. ಅವರ ಸ್ವಂತ ಕಾರಿಗೆ ಮೀಟರೂ ಇಲ್ಲ, ರಶೀದಿಯೂ ಇಲ್ಲ.

ದುಬೈ ಏರ್‌ಪೋರ್ಟಿನಿಂದ ಟ್ಯಾಕ್ಸಿ ಹತ್ತಿ ಕೂತ ಕೂಡಲೇ ಮೀಟರ್ 25 ದಿರ್ಹಮಿನಿಂದ ಶುರುವಾಗುತ್ತದೆ. ಇದು ಮೊದಲೇ ಗೊತ್ತಿಲ್ಲದಿದ್ದರೆ ಎದೆ ಧಸಕ್ಕೆನ್ನುತ್ತದೆ. ನಮ್ಮ ಲೆಕ್ಕದಲ್ಲಿ ಆರುನೂರು ರೂಪಾಯಿಯ ಹತ್ತಿರ, ಗಾಡಿ ಇನ್ನೂ ಹಂದಿರುವುದಿಲ್ಲ! ಒಬ್ಬರು ಇದನ್ನು ನೋಡಿ ಹಿಂದಿನವನ ಬಾಡಿಗೆ ತನ್ನ ತಲೆಗೆ ಕಟ್ಟಿದ್ದಾನೆ ಅಂತ ಡ್ರೈವರ್ ಹತ್ತಿರ ಜಗಳ ಆಡಿ ಇಳಿದೇ ಬಿಟ್ಟರಂತೆ. ಜಗಳ ಬೇಡ, ಅದು ಕಾನೂನಿನ ಬಾಡಿಗೆ. ದಾರಿಯಲ್ಲಿ ಸಾಲಿಕ್ ಎಂಬ ಟೋಲ್ ಬಂದರೆ ಅದೂ ಸೇರುತ್ತದೆ. ಶಾರ್ಜಾಕ್ಕೆ ಹೋಗುವುದಾದರೆ ಇನ್ನೊಂದು 20 ದಿರ್ಹಮ್ ಮೇಲಿಂದ. ನಮ್ಮವರಲ್ಲಿ ಅರ್ಧ ಜನ ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲೇ ಇರುವುದರಿಂದ ಇದನ್ನು ಹೇಳಲೇಬೇಕು.

ದುಡ್ಡು ಉಳಿಸಲು ಮೆಟ್ರೋ ಉಂಟಲ್ಲ ಅಂತ ಕೇಳಬಹುದು. ಉಂಟು, 2009ರಿಂದ ಉಂಟು. ಒಂದನೇ ಮತ್ತು ಮೂರನೇ ಟರ್ಮಿನಲಿಗೆ ನೇರ ಸ್ಟೇಷನ್. ಎರಡನೇ ಟರ್ಮಿನಲಿನಲ್ಲಿ ಇಳಿದವರಿಗೆ ಇಲ್ಲ. ನಡುರಾತ್ರಿ ಕಳೆದು ಇಳಿದವರಿಗೂ ಹೆಚ್ಚಿನ ದಿನ ಇಲ್ಲ. ಹಗ್ಗ ಬಿಗಿದ ಎರಡು ರಟ್ಟಿನ ಪೆಟ್ಟಿಗೆ, ಒಣಮೀನು, ಉಪ್ಪಿನಕಾಯಿ, ತೆಂಗಿನೆಣ್ಣೆ ಹೊತ್ತುಕೊಂಡು ಮೆಟ್ರೋ ಹತ್ತುವುದನ್ನು ನಾವಂತೂ ಯಾರಿಗೂ ಹೇಳುವುದಿಲ್ಲ.

ಒಬ್ಬರೇ ಬರುವ ಹೆಂಗಸರಿಗೆ ದುಬೈಯಲ್ಲಿ ಒಂದು ಅನುಕೂಲ ಉಂಟು. ಗುಲಾಬಿ ಬಣ್ಣದ ಮಾಡಿನ ಟ್ಯಾಕ್ಸಿ, ಡ್ರೈವರ್ ಕೂಡ ಹೆಂಗಸೇ. ಹೆಂಗಸರಿಗೆ ಮತ್ತು ಅವರ ಜೊತೆಗಿರುವ ಮಕ್ಕಳಿಗೆ, ಸಂಸಾರಕ್ಕೆ ಮಾತ್ರ. ಏರ್‌ಪೋರ್ಟಿನಲ್ಲೇ ಸಿಗುತ್ತದೆ. ಪಾಣೆಮಂಗಳೂರಿನ ಒಬ್ಬ ತಾಯಿ ಎರಡು ಮಕ್ಕಳನ್ನು ಕರೆದುಕೊಂಡು ಹೋದಾಗ ಇದರಲ್ಲೇ ಹೋದರಂತೆ. "ಗಂಡ ಬರ್ಲಿಲ್ಲ ಅಂತ ಅಳು ಬಂದಿತ್ತು. ಆ ಡ್ರೈವರ್ ಹೆಂಗಸು ಮಗುವನ್ನು ನೋಡಿ ನಕ್ಕಾಗ ಸ್ವಲ್ಪ ಧೈರ್ಯ ಬಂತು" ಅಂದರು.

ಬಾಡಿಗೆಯ ಮಾತು ಇಷ್ಟು ಸಾಕು. ನಮ್ಮವರು ನಿಜವಾಗಿ ಸಿಕ್ಕಿಬೀಳುವುದು ವಿಳಾಸದಲ್ಲಿ.

ನಮ್ಮ ಮನೆಯ ವಿಳಾಸ ಹೇಗೆ ಹೇಳುತ್ತೇವೆ? ಕೈಕಂಬದಲ್ಲಿ ಇಳಿದು, ಮಸೀದಿ ದಾಟಿ, ಬೇಕರಿಯ ಬದಿಯ ಓಣಿ, ಹಸಿರು ಗೇಟು. ಅಷ್ಟಕ್ಕೂ ಸಿಗದಿದ್ದರೆ ಬಾಪನ ಹೆಸರು ಕೇಳಿದರೆ ಸಾಕು. ಗಲ್ಫಿನಲ್ಲಿ ಬಾಪನ ಹೆಸರು ಯಾರಿಗೂ ಗೊತ್ತಿಲ್ಲ. ಅಲ್ಲಿಂದ ಬರುವ ಕಾಗದಗಳಲ್ಲಿ, ಕಂಪೆನಿಯ ಲೆಟರ್‌ಹೆಡ್ಡಿನಲ್ಲಿ ಇರುವುದು ಪೋಸ್ಟ್ ಬಾಕ್ಸ್ ನಂಬರ್. ನಮ್ಮ ಹುಡುಗರು ಅದನ್ನೇ ಬರೆದುಕೊಂಡು ಹೋಗಿ ಡ್ರೈವರಿಗೆ ತೋರಿಸುತ್ತಾರೆ. ಪೋಸ್ಟ್ ಬಾಕ್ಸ್ ಅಂದರೆ ಅಂಚೆ ಕಚೇರಿಯಲ್ಲಿರುವ ಒಂದು ಪೆಟ್ಟಿಗೆ. ಅಲ್ಲಿಗೆ ಕಾಗದ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ಡ್ರೈವರ್ ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ, ಮೀಟರ್ ಓಡುತ್ತಿರುತ್ತದೆ.

ಹಾಗಾದರೆ ಬೇಕಾದ್ದು ಎಂತದು? ದುಬೈಯಲ್ಲಿ ಪ್ರತಿ ಕಟ್ಟಡದ ಬಾಗಿಲಿನ ಹತ್ತಿರ ಮಕಾನಿ ಅಂತ ಹತ್ತು ಅಂಕೆಯ ಒಂದು ನಂಬರ್ ಇರುವ ಫಲಕ ಉಂಟು. ರೂಮಿನಲ್ಲಿರುವವನು ಒಂದು ಸಲ ಕೆಳಗೆ ಇಳಿದು ಅದರ ಫೋಟೋ ತೆಗೆದು ಕಳಿಸಿದರೆ ಸಾಕು. ಸೌದಿಯಲ್ಲಿ ರಾಷ್ಟ್ರೀಯ ವಿಳಾಸ ಅಂತ ಉಂಟು, ನಾಲ್ಕು ಅಕ್ಷರ, ನಾಲ್ಕು ಅಂಕೆಯ ಚಿಕ್ಕ ಕೋಡ್. ಅದನ್ನೂ ಕೇಳಿ ತರಿಸಿಕೊಳ್ಳಬಹುದು. ಇದರ ಜೊತೆ ಲೊಕೇಶನ್ ಬೇಕು, ಆದರೆ ಲೊಕೇಶನ್ ಫೋನಿನಲ್ಲಿರುತ್ತದೆ, ಫೋನಿನ ಚಾರ್ಜು ವಿಮಾನದಲ್ಲೇ ಮುಗಿದಿರುತ್ತದೆ. ಅದಕ್ಕೇ ಕಾಗದ. ಒಂದು ಕಾಗದದಲ್ಲಿ ಕಟ್ಟಡದ ಹೆಸರು, ಏರಿಯಾದ ಹೆಸರು, ಪಕ್ಕದ ದೊಡ್ಡ ಅಂಗಡಿ ಅಥವಾ ಆಸ್ಪತ್ರೆ, ಆ ನಂಬರ್, ಇಬ್ಬರ ಮೊಬೈಲ್. ಒಬ್ಬರದಲ್ಲ, ಇಬ್ಬರದ್ದು. ಇಂಗ್ಲಿಷಿನಲ್ಲೂ ಅರಬಿಯಲ್ಲೂ. ಏರಿಯಾದ ಹೆಸರನ್ನು ನಮ್ಮ ಬಾಯಲ್ಲಿ ಹೇಳಿದರೆ ಅಲ್ಲಿಯವರಿಗೆ ಅರ್ಥವಾಗುವುದಿಲ್ಲ. ನಾವು ಕಲಿತದ್ದು ರೂಮಿನವರು ಹೇಳಿದ ಹಾಗೆ, ರೂಮಿನವರು ಹೇಳುವುದು ಕಾಸರಗೋಡಿನವರು ಹೇಳಿದ ಹಾಗೆ.

ಭಾಷೆಯ ಹೆದರಿಕೆ ಮಾತ್ರ ಬೇಡ. ದುಬೈ, ಶಾರ್ಜಾದ ಡ್ರೈವರುಗಳಲ್ಲಿ ಪಾಕಿಸ್ತಾನದವರು, ಬಂಗಾಳಿಗಳು, ಮಲಯಾಳಿಗಳು ಬಹಳ. ಮುರುಕು ಹಿಂದಿ ಸಾಕು. ಮಲಯಾಳಿ ಸಿಕ್ಕಿದರೆ ನಮ್ಮ ಬ್ಯಾರಿ ಬಾಸೆಯೇ ಅರ್ಧ ದಾರಿ ದಾಟಿಸುತ್ತದೆ. ಅರಬಿ ಡ್ರೈವರ್ ಆದರೂ ನಾಲ್ಕೈದು ಶಬ್ದದಲ್ಲಿ ಕೆಲಸ ಆಗುತ್ತದೆ. ಬಲಕ್ಕೆ ಯಮೀನ್, ಎಡಕ್ಕೆ ಯಸಾರ್, ಸಿಗ್ನಲ್‌ಗೆ ಇಶಾರ, ಸರ್ಕಲ್‌ಗೆ ದವ್ವಾರ್. ನೇರ ಹೋಗಬೇಕಾದರೆ ಸೀದಾ! ಗಲ್ಫಿನ ಅರಬಿಗಳೂ ಸೀದಾ ಅನ್ನುತ್ತಾರೆ, ಉರ್ದುವಿನಲ್ಲೂ ಸೀದಾ, ಬಿ.ಸಿ.ರೋಡಿನ ಆಟೋದಲ್ಲೂ ಸೀದಾ. ಇಷ್ಟು ದೂರ ಹೋಗಿಯೂ ದಾರಿ ಹೇಳಲು ನಮ್ಮ ಊರಿನ ಶಬ್ದವೇ ಸಿಗುವುದು ಸಣ್ಣ ಸಮಾಧಾನ ಅಲ್ಲ.

ಫೋನಿನ ಬಗ್ಗೆ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಏರ್‌ಪೋರ್ಟಿನಲ್ಲಿ ಬೆವರಿದ್ದಾರೆ. ಯುಎಇಯಲ್ಲಿ ವಾಟ್ಸಾಪ್ ಕಾಲ್ ಹೋಗುವುದಿಲ್ಲ. ಏರ್‌ಪೋರ್ಟಿನ ವೈಫೈ ಸಿಕ್ಕಿತು, ವಾಟ್ಸಾಪ್ ತೆರೆಯಿತು, ಭಾವನಿಗೆ ಕಾಲ್ ಮಾಡಿದರೆ ಕನೆಕ್ಟ್ ಆಗುತ್ತಲೇ ಇಲ್ಲ. ಭಾವ ಬೇಕೆಂದೇ ಎತ್ತುತ್ತಿಲ್ಲ ಅಂತ ಇಲ್ಲಿ ಮನೆಯಲ್ಲಿ ಜಗಳ ಶುರುವಾದದ್ದೂ ಉಂಟು. ಮೆಸೇಜು ಹೋಗುತ್ತದೆ, ವಾಯ್ಸ್ ಕಳಿಸಿದರೆ ಹೋಗುತ್ತದೆ, ಲೊಕೇಶನ್ ಹೋಗುತ್ತದೆ. ಕಾಲ್ ಮಾತ್ರ ಇಲ್ಲ. ಇನ್ನೊಂದು, ಟ್ಯಾಕ್ಸಿ ಆ್ಯಪ್‌ಗಳು. ಊಬರ್ ಉಂಟು, ದುಬೈಯಲ್ಲೇ 2012ರಲ್ಲಿ ಹುಟ್ಟಿ ಆಮೇಲೆ ಊಬರ್ ಖರೀದಿಸಿದ ಕರೀಮ್ ಉಂಟು. ಬಾಡಿಗೆ ಮೊದಲೇ ಕಾಣುತ್ತದೆ, ಡ್ರೈವರಿನ ಹೆಸರು, ಗಾಡಿ ನಂಬರ್ ಇರುತ್ತದೆ, ಒಳ್ಳೆಯದೇ. ಆದರೆ ಆ್ಯಪ್ ಅಲ್ಲಿ ಇಳಿದ ಮೇಲೆ ಹಾಕಿಕೊಳ್ಳುತ್ತೇನೆ ಅಂತ ಹೊರಟರೆ ಒಟಿಪಿ ಬರುವುದು ಇಲ್ಲಿಯ ಸಿಮ್ಮಿಗೆ, ರೋಮಿಂಗ್ ಇಲ್ಲದ ಸಿಮ್ ಮಲಗಿರುತ್ತದೆ. ಇಲ್ಲಿ ಮನೆಯಲ್ಲೇ ಹಾಕಿ, ಒಮ್ಮೆ ತೆರೆದು ನೋಡಿಕೊಂಡು ಹೋಗಬೇಕು.

ಸೌದಿಗೆ ಮತ್ತೆ ಬರೋಣ, ಯಾಕೆಂದರೆ ಆ ಹುಡುಗನ ಕತೆ ಅಲ್ಲಿಯದು. ದಮ್ಮಾಮ್‌ನ ಕಿಂಗ್ ಫಹದ್ ಏರ್‌ಪೋರ್ಟ್ ವಿಸ್ತೀರ್ಣದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದು, ಪಕ್ಕದ ಬಹರೈನ್ ದೇಶದ ಹತ್ತಿರಹತ್ತಿರ ಬರುವಷ್ಟು ಜಾಗ. ಊರಿನಿಂದ ದೂರ, ಹೊರಗೆ ಬಂದರೆ ಮರುಭೂಮಿ. ನಡೆದುಕೊಂಡು ಹೋಗಿ ರಸ್ತೆಯಲ್ಲಿ ಬಸ್ಸಿಗೆ ಕೈ ತೋರಿಸುತ್ತೇನೆ ಅನ್ನುವ ಹಾಗಿಲ್ಲ. ಅದಕ್ಕೇ ಅಲ್ಲಿ ಹೆದರಿಕೆಯಿಂದ ಸಿಕ್ಕಿದ ಗಾಡಿ ಹತ್ತುವವರು ಹೆಚ್ಚು. ಲೈಸೆನ್ಸ್ ಇಲ್ಲದೆ ಸ್ವಂತ ಕಾರಿನಲ್ಲಿ ಜನ ಸಾಗಿಸುವವರನ್ನು ಸೌದಿಯಲ್ಲಿ ಕದ್ದಾದ್ ಅಂತ ಕರೆಯುತ್ತಾರೆ. ಎಲ್ಲರೂ ಮೋಸಗಾರರು ಅಂತ ನಾವು ಹೇಳುವುದಿಲ್ಲ. ಎಷ್ಟೋ ಜನ ಹೇಳಿದ ಬಾಡಿಗೆಗೆ ಮನೆ ಬಾಗಿಲಿಗೇ ಬಿಟ್ಟು ಹೋಗಿದ್ದಾರೆ, ದಾರಿಯಲ್ಲಿ ಚಹಾ ಕುಡಿಸಿದವರೂ ಇದ್ದಾರೆ. ಆದರೆ ಏನಾದರೂ ಹೆಚ್ಚುಕಡಿಮೆಯಾದರೆ ದೂರು ಕೊಡಲು ಅವರ ಹೆಸರಿಲ್ಲ, ನಂಬರಿಲ್ಲ. 2024ರಲ್ಲಿ ಅಲ್ಲಿಯ ಸರಕಾರ ಇಂಥವರಿಗೆ 5000 ರಿಯಾಲ್ ದಂಡ ಅಂತ ಸಾರಿತು. ಏರ್‌ಪೋರ್ಟಿನ ಅಧಿಕೃತ ಟ್ಯಾಕ್ಸಿಯ ಬಣ್ಣ ಹಸಿರು. ಉಮ್ರಾಕ್ಕೆ ಗುಂಪಿನ ಜೊತೆ ಅಲ್ಲದೆ ಸ್ವಂತವಾಗಿ ಹೋಗುವವರಿಗೆ ಜಿದ್ದಾ ಏರ್‌ಪೋರ್ಟಿನಿಂದ ಮಕ್ಕಾಕ್ಕೆ ಹರಮೈನ್ ರೈಲು ಉಂಟು. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಬಾಡಿಗೆಯ ಚೌಕಾಸಿಗಿಂತ ಅದು ನೆಮ್ಮದಿ.

ಪಾಸ್‌ಪೋರ್ಟಿನ ವಿಷಯ ಬೇರೆಯೇ ಹೇಳಬೇಕು. ಟ್ಯಾಕ್ಸಿಯವನಿಗೆ ಪಾಸ್‌ಪೋರ್ಟ್ ಕೊಡುವ ಅಗತ್ಯ ಯಾವ ದೇಶದಲ್ಲೂ ಇಲ್ಲ. ಚೆಕ್‌ಪೋಸ್ಟ್ ಬಂದರೆ ಪೋಲೀಸ್ ಕೇಳುತ್ತಾನೆ, ಆಗ ಕಿಟಕಿಯಿಂದ ಪೋಲೀಸಿಗೆ ಕೊಡಬಹುದು. ಕಂಪೆನಿಯ ಬೋರ್ಡು ಹಿಡಿದು ಬಂದವನಾದರೂ ಅಷ್ಟೆ, ನಿಮ್ಮ ವೀಸಾ ಕಾಗದದ ಕಂಪೆನಿಯ ಹೆಸರು ಅವನ ಬಾಯಿಂದ ಬರಲಿ, ನೀವು ಹೇಳಿ ಅವನು ಹೌದು ಅನ್ನುವುದಲ್ಲ. ಬೋರ್ಡಿನಲ್ಲಿ ಹೆಸರು ಸ್ವಲ್ಪ ತಪ್ಪಿದ್ದರೂ ಹೋಗಿ ಕೇಳಿ. ನಮ್ಮ ಹೆಸರುಗಳನ್ನು ಅವರು ಹತ್ತು ತರ ಬರೆಯುತ್ತಾರೆ, ಪಾಸ್‌ಪೋರ್ಟಿನಲ್ಲಿ ಅಜ್ಜನ ಹೆಸರು, ಊರಿನ ಹೆಸರು ಸೇರಿ ಅದು ನಮಗೇ ಗುರುತು ಸಿಗುವುದಿಲ್ಲ. ಯಾರೂ ಬರಲಿಲ್ಲವೆಂದರೆ ಒಳಗೆ, ಬೆಳಕಿರುವಲ್ಲಿ, ಮಾಹಿತಿ ಕೌಂಟರಿನ ಹತ್ತಿರ ಕೂರುವುದು. ಬೆಳಗಿನವರೆಗೆ ಕೂತರೂ ಯಾರೂ ಓಡಿಸುವುದಿಲ್ಲ. ಒಂದು ರಾತ್ರಿಯ ನಿದ್ದೆ ಹೋದರೆ ಹೋಗಲಿ. ಯುಎಇಯಲ್ಲಿ ಕೆಲಸಕ್ಕೆ ಹೋದವರಿಗೆ ಭಾರತ ಸರಕಾರದ ಸಹಾಯ ಕೇಂದ್ರದ ಟೋಲ್ ಫ್ರೀ ನಂಬರ್ 800 46342. ಇದನ್ನೂ ಆ ಕಾಗದದಲ್ಲಿ ಬರೆಯಬಹುದು. ಟ್ಯಾಕ್ಸಿಯಲ್ಲಿ ಸಾಮಾನು ಬಿಟ್ಟು ಇಳಿದರೆ ದುಬೈಯ ಸಾರಿಗೆ ಇಲಾಖೆಗೆ 800 9090. ಆದರೆ ರಶೀದಿ ಬೇಕು, ಅದರಲ್ಲಿ ಗಾಡಿಯ ನಂಬರ್ ಇರುತ್ತದೆ. ನಮ್ಮವರು ಕೇಳಿ ತೆಗೆದುಕೊಳ್ಳುವುದೇ ಇಲ್ಲ, ಕೇಳಿದರೆ ಡ್ರೈವರಿಗೆ ಬೇಸರವಾಗುತ್ತದೋ ಅಂತ ದಾಕ್ಷಿಣ್ಯ.

ದುಬೈಯಲ್ಲಿ ಹಲವು ವರ್ಷ ಟ್ಯಾಕ್ಸಿ ಓಡಿಸಿ ಈಗ ಸಜಿಪದಲ್ಲಿ ಅಡಿಕೆ ನೋಡಿಕೊಂಡಿರುವ ಒಬ್ಬರ ಹತ್ತಿರ ಈ ಬಗ್ಗೆ ಮಾತಾಡಿದೆವು. ಅವರದು ಇನ್ನೊಂದು ಬದಿಯ ನೋಟ. ದಿನಕ್ಕೆ ಹನ್ನೆರಡು ಗಂಟೆ, ಸಂಬಳ ಇಲ್ಲ, ಆದ ಬಾಡಿಗೆಯಲ್ಲಿ ಕಮಿಷನ್. ಏರ್‌ಪೋರ್ಟಿನ ಸರತಿಯಲ್ಲಿ ಒಂದು ಗಂಟೆ ಕಾದು ಸಿಕ್ಕಿದ ಗಿರಾಕಿ ದೇರಾಕ್ಕೆ, ಕೈಯಳತೆಯಲ್ಲಿ, ಇಳಿಯುತ್ತಾನೆ ಎಂದರೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಕೆಲವರ ಮುಖ ಗಂಟಾಗಿರುತ್ತದೆ, ಅದು ನಿಮ್ಮ ಮೇಲಿನ ಸಿಟ್ಟಲ್ಲ. "ಮೊದಲ ಸಲ ಬಂದವನು ನಮಗೆ ಕನ್ನಡಿಯಲ್ಲೇ ಗೊತ್ತಾಗುತ್ತಾನೆ. ಕಂದು ಲಕೋಟೆಯನ್ನು ಎದೆಗೆ ಒತ್ತಿ ಹಿಡಿದಿರುತ್ತಾನೆ, ಬೆಲ್ಟ್ ಹಾಕು ಅಂದ್ರೂ ಲಕೋಟೆ ಬಿಡುವುದಿಲ್ಲ" ಅಂದರು. ಒಮ್ಮೆ ಒಬ್ಬ ಹುಡುಗ ಹಿಂದೆ ಕೂತು ಪಿಸುಮಾತಿನಲ್ಲಿ ಯಾರಿಗೋ ಬ್ಯಾರಿಯಲ್ಲಿ ವಾಯ್ಸ್ ಕಳಿಸುತ್ತಿದ್ದನಂತೆ, ಡ್ರೈವರನ್ನು ನೋಡಿದರೆ ಪಠಾಣನ ಹಾಗೆ ಕಾಣುತ್ತಾನೆ, ಹೆದರಿಕೆ ಆಗುತ್ತದೆ ಅಂತ. ಇವರು ಸಿಗ್ನಲಿನಲ್ಲಿ ಹಿಂದೆ ತಿರುಗಿ ಬ್ಯಾರಿಯಲ್ಲೇ ಯಾವ ಊರು ಮೋನೆ ಅಂತ ಕೇಳಿದರು. ಹುಡುಗ ಅತ್ತೇ ಬಿಟ್ಟನಂತೆ. ಕಲ್ಲಡ್ಕದವನು.

ನಮ್ಮ ಊರಿಗೆ ಇಳಿಯುವವರ ಕಷ್ಟದ ಬಗ್ಗೆ ಬರೆಯಲು ಹೊರಟರೆ ಅದು ಬೇರೆಯೇ ಲೇಖನ. ಬಜ್ಪೆಯಲ್ಲಿ ಒಬ್ಬನನ್ನು ಕರೆಯಲು ಎರಡು ಕಾರಿನಲ್ಲಿ ಒಂಬತ್ತು ಜನ ಬರುತ್ತಾರೆ, ವಾಪಸು ಹೋಗುವಾಗ ಪೆಟ್ಟಿಗೆಗೆ ಜಾಗ ಇಲ್ಲದೆ ಟ್ಯಾಕ್ಸಿ ಮಾಡುತ್ತಾರೆ. ಕೈಕಂಬ, ಪೊಳಲಿ ದಾರಿಯಲ್ಲಿ ಹೋಗುವುದೋ, ನಂತೂರು ಸುತ್ತಿ ಫರಂಗಿಪೇಟೆಯಲ್ಲಿ ಬರುವುದೋ ಎಂಬ ಚರ್ಚೆ ಬಿ.ಸಿ.ರೋಡ್ ತಲಪುವವರೆಗೂ ಮುಗಿಯುವುದಿಲ್ಲ. ಅಷ್ಟು ಜನ ಇಲ್ಲಿ ಬರುವ ಬದಲು ಅಲ್ಲಿ ಒಬ್ಬ ಬಂದಿದ್ದರೆ ಅಂತ ನಮಗೆ ಅನಿಸುವುದುಂಟು.

ಆ ಎಲೆಕ್ಟ್ರಿಷಿಯನ್ ಹುಡುಗ ಈಗ ಮೊದಲ ರಜೆಯಲ್ಲಿ ಊರಿಗೆ ಬಂದಿದ್ದಾನೆ. ಮುಂದಿನ ತಿಂಗಳು ಅವನ ತಂಗಿ ಗಂಡನ ಹತ್ತಿರ ದುಬೈಗೆ ಹೋಗುವವಳಿದ್ದಾಳೆ, ಜೊತೆಗೆ ಎಂಟು ತಿಂಗಳ ಮಗು. ಭಾವ ಏರ್‌ಪೋರ್ಟಿಗೆ ಬಂದೇ ಬರುತ್ತೇನೆ ಅಂದಿದ್ದಾನೆ. ಆದರೂ ಇವನು ಕೂತು ಕಾಗದ ಬರೆದ. ಕಟ್ಟಡದ ಹೆಸರು, ಮಕಾನಿ ನಂಬರ್, ಪಕ್ಕದ ಸೂಪರ್‌ಮಾರ್ಕೆಟ್, ಭಾವನ ನಂಬರ್, ಭಾವನ ಗೆಳೆಯನ ನಂಬರ್. ಅರಬಿಯಲ್ಲಿ ಬರೆಸಲು ಮದ್ರಸದ ಉಸ್ತಾದರ ಹತ್ತಿರ ಹೋದ. ಉಸ್ತಾದರು ಚಂದ ಅಕ್ಷರದಲ್ಲಿ ಬರೆದುಕೊಟ್ಟು, ಸೂಪರ್‌ಮಾರ್ಕೆಟ್ಟಿಗೆ ಅರಬಿಯಲ್ಲಿ ಎಂತ ಹೇಳುತ್ತಾರೆ ಅಂತ ಅವನನ್ನೇ ಕೇಳಿದರು. ಗುಲಾಬಿ ಮಾಡಿನ ಟ್ಯಾಕ್ಸಿ ಅಂತ ಕೆಳಗೆ ಕನ್ನಡದಲ್ಲಿ ಬರೆದು ಅಡಿಗೆರೆ ಎಳೆದ. "25 ಅಂತ ಮೀಟರ್ ತೋರಿಸುತ್ತದೆ, ಹೆದರಬೇಡ" ಅಂತಲೂ ಬರೆದ.

ಉಮ್ಮ ಇದನ್ನೆಲ್ಲ ನೋಡುತ್ತಾ ಕೂತಿದ್ದರು. "ಅಳಿಯ ಬರ್ತೇನೆ ಅಂತ ಹೇಳಿದ್ದಾನಲ್ಲ, ಇದೆಲ್ಲ ಯಾಕೆ?" ಅಂತ ಕೇಳಿದರು. ಹುಡುಗ ಬಾಪನ ಮುಖ ನೋಡಿದ. ಬಾಪ ಏನೂ ಹೇಳಲಿಲ್ಲ, ಕಾಗದ ತೆಗೆದುಕೊಂಡು ಬಿ.ಸಿ.ರೋಡಿಗೆ ಹೋಗಿ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿಕೊಂಡು ಬಂದರು.